ದೂರದರ್ಶಕ ಬೀದಿಗೆ ಬರಲಿ

ಮಕ್ಕಳೇ, “ಬೆಂಗಳೂರಿನಂಥ ಊರಿನಲ್ಲಿ ಆಕಾಶ ನೋಡುವುದೇ? ಅದಕ್ಕೆ ಹಳ್ಳಿಗೇ ಹೋಗಬೇಕು” ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತು ಅರ್ಧ ಮಾತ್ರ ನಿಜ.

ಬೀದಿದೀಪಗಳ ಬೆಳಕು ನೆಲಕ್ಕಷ್ಟೇ ಅಲ್ಲ, ಮೇಲಕ್ಕೂ ಹೋಗುತ್ತದೆ. ಗಾಳಿ ಮತ್ತು ದೂಳಿನ ಕಣಗಳು ಅದನ್ನು ಚದರಿಸುತ್ತವೆ. ಆಕಾಶವೇ ಬೆಳಗಿದಂತಾಗಿ ಮಂಕು ನಕ್ಷತ್ರಗಳು ಮರೆಯಾಗುತ್ತವೆ. ಆದ್ದರಿಂದಲೇ ನಗರದ ನಡುವೆ ಆಕಾಶಗಂಗೆ ಕಾಣುವುದಿಲ್ಲ. ಆದರೆ ಚಂದ್ರ, ಶುಕ್ರ, ಗುರು, ಶನಿ ಬೀದಿದೀಪಕ್ಕೆ ಸೋಲುವಷ್ಟು ಮಂಕಲ್ಲ. ಚಿಕ್ಕ ದೂರದರ್ಶಕವೊಂದಿದ್ದರೆ ಚಂದ್ರನ ಕುಳಿಗಳು, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಉಂಗುರ ನಗರದಿಂದಲೇ ಕಾಣುತ್ತವೆ. ಹಾಗಿದ್ದರೂ ನಮ್ಮಲ್ಲಿ ಎಷ್ಟೋ ಜನ ಇವನ್ನು ನೋಡಿಲ್ಲ, ಏಕೆ? ದೂರದರ್ಶಕ ನಮ್ಮ ಬಳಿಗೆ ಬಂದಿಲ್ಲ, ಅಷ್ಟೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೂಡ ದೀಪಗಳಿಂದ ತುಂಬಿದ ದೊಡ್ಡ ನಗರ. ಅಲ್ಲಿ ಜಾನ್ ಡಾಬ್ಸನ್ ಎಂಬವರು ರಟ್ಟಿನ ಕೊಳವೆ, ಪ್ಲೈವುಡ್, ಹಳೆಯ ದಪ್ಪ ಗಾಜು ಬಳಸಿ ಅಗ್ಗದ ದೂರದರ್ಶಕಗಳನ್ನು ಕಟ್ಟಿದರು. 1968ರಲ್ಲಿ ಗೆಳೆಯರೊಂದಿಗೆ ಸಂಘವೊಂದನ್ನು ಆರಂಭಿಸಿ, ಫುಟ್‌ಪಾತಿನಲ್ಲಿ ದೂರದರ್ಶಕ ನಿಲ್ಲಿಸಿ, ದಾರಿಹೋಕರನ್ನು ಕರೆದು ಆಕಾಶ ತೋರಿಸಿದರು.

ನಮ್ಮವರಿಗೂ ಆಸಕ್ತಿಗೆ ಬರವಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೋಡಲು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿ ಜನ ಸೇರಿದ್ದರು. ಆದರೆ ಗ್ರಹಣ ಅಪರೂಪ. ಚಂದ್ರನಾದರೋ ತಿಂಗಳು ತಿಂಗಳೂ ಬರುತ್ತಾನೆ! ಆದ್ದರಿಂದ ಪ್ರತಿ ತಿಂಗಳು ಶುಕ್ಲಪಕ್ಷದ ಅಷ್ಟಮಿಯ ಸಂಜೆ ಯಾವುದಾದರೂ ಶಾಲೆಯ ಮೈದಾನದಲ್ಲಿ ಆಕಾಶ ವೀಕ್ಷಣೆ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಹುಣ್ಣಿಮೆ ಏಕೆ ಬೇಡ? ಅಂದು ನಮಗೆ ಕಾಣುವ ಚಂದ್ರನ ಮೇಲೆ ನೆರಳುಗಳೇ ತೋರುವುದಿಲ್ಲ. ಅಷ್ಟಮಿಯಂದು ಬೆಳಕು-ಕತ್ತಲೆ ಸೇರುವ ಗೆರೆಯ ಬಳಿ ಬಿಸಿಲು ಓರೆಯಾಗಿ ಬಿದ್ದು, ಉದ್ದ ನೆರಳುಗಳಿಂದ ಕುಳಿಗಳು ಎದ್ದು ಕಾಣುತ್ತವೆ.

“ಪುಸ್ತಕದಲ್ಲಿ ಇನ್ನೂ ಚೆಂದದ ಚಿತ್ರಗಳಿವೆಯಲ್ಲ?” ಎಂದು ಕೆಲವರು ಕೇಳಬಹುದು. ಇವೆ, ನಿಜ. ಆದರೆ ಚಿತ್ರ ಬೇರೆಯವರು ಕಂಡದ್ದು. ದೂರದರ್ಶಕದಲ್ಲಿ ಶನಿಯನ್ನು ನೋಡುವಾಗ, ಒಂದು ಗಂಟೆಗೂ ಹಿಂದೆ ಅಲ್ಲಿಂದ ಹೊರಟ ಬೆಳಕು ನಿಮ್ಮ ಕಣ್ಣನ್ನೇ ಸೇರುತ್ತದೆ. ಹೇಳಿದ್ದನ್ನು ನಂಬುವುದಕ್ಕಿಂತ ಕಂಡು ತಿಳಿಯುವುದೇ ವಿಜ್ಞಾನವಲ್ಲವೇ?

ನೀವೇನು ಮಾಡಬಹುದು? ವೀಕ್ಷಣೆ ಏರ್ಪಡಿಸುವಂತೆ ನಿಮ್ಮ ಶಿಕ್ಷಕರನ್ನು ಕೇಳಿ. ನಗರದಲ್ಲಿ ಸ್ವಂತ ದೂರದರ್ಶಕವಿರುವ ಹವ್ಯಾಸಿಗಳಿದ್ದಾರೆ. ಅವರನ್ನು ಶಾಲೆಗೆ ಕರೆಸಬಹುದು. ಬೀದಿದೀಪಗಳಿಗೆ ಬೆಳಕು ಕೆಳಗಷ್ಟೇ ಬೀಳುವಂತೆ ಮುಚ್ಚಳ ಹಾಕಲು ಕೋರಿ ಪಾಲಿಕೆಗೆ ಪತ್ರ ಬರೆಯಿರಿ. ರಸ್ತೆಗೂ ಬೆಳಕು, ಆಕಾಶಕ್ಕೂ ಕತ್ತಲೆ! ಒಂದು ಎಚ್ಚರಿಕೆ: ಬರಿಗಣ್ಣಿನಿಂದಾಗಲಿ, ದೂರದರ್ಶಕದಿಂದಾಗಲಿ ಸೂರ್ಯನನ್ನು ಎಂದೂ ನೇರವಾಗಿ ನೋಡಬೇಡಿ.

ಆಕಾಶ ನೋಡಲು ಟಿಕೆಟ್ ಬೇಕಿಲ್ಲ. ನಗರದ ಮಕ್ಕಳಿಗೂ ಅದರಲ್ಲಿ ಪಾಲಿದೆ. ಆ ಪಾಲನ್ನು ಕೇಳಿ ಪಡೆಯಿರಿ.