ಪ್ರಾಣ ಉಳಿದ ನಂತರದ ಹೊಣೆ

ಮೆದುಳಿನ ರಕ್ತನಾಳ ಒಡೆದು ಆಸ್ಪತ್ರೆ ಸೇರಿದವರಿಗಾಗಿ ನೆರವು ಕೋರುವ ಮನವಿಗಳು ಆಗಾಗ ನಮ್ಮ ಮೊಬೈಲುಗಳನ್ನು ತಲುಪುತ್ತವೆ. ಹಾಸಿಗೆಯ ಮೇಲಿನ ರೋಗಿಯ ಚಿತ್ರ, ಖರ್ಚಿನ ಅಂದಾಜು ಪಟ್ಟಿ, ಬ್ಯಾಂಕ್ ಖಾತೆಯ ಸಂಖ್ಯೆ ಅದರಲ್ಲಿರುತ್ತವೆ. ಜನರು ಕೈಲಾದಷ್ಟು ಕೊಡುತ್ತಾರೆ, ದುಆ ಮಾಡುತ್ತಾರೆ. ರೋಗಿ ಬದುಕುಳಿದರೆಂದು ತಿಳಿದಾಗ ‘ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತಾರೆ. ಸಮಾಜದ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಆ ಕುಟುಂಬದ ಪಾಲಿಗೆ ದೀರ್ಘ ಪರೀಕ್ಷೆ ಆರಂಭವಾಗುವುದೇ ಅಂದಿನಿಂದ.

ಈ ರೋಗದ ಸ್ವರೂಪವನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಮೆದುಳಿನ ರಕ್ತನಾಳದ ಗೋಡೆ ಒಂದೆಡೆ ದುರ್ಬಲಗೊಂಡು ಗುಳ್ಳೆಯಂತೆ ಉಬ್ಬುತ್ತದೆ. ಅಧಿಕ ರಕ್ತದೊತ್ತಡ ಮತ್ತು ಧೂಮಪಾನ ಆ ಅಪಾಯವನ್ನು ಹೆಚ್ಚಿಸುತ್ತವೆ. ಒಂದು ದಿನ ಅದು ಒಡೆದಾಗ, ಜೀವಮಾನದಲ್ಲಿ ಕಂಡರಿಯದ ತಲೆನೋವು ಸಿಡಿಲಿನಂತೆ ಎರಗುತ್ತದೆ. ವಾಂತಿ, ಕತ್ತಿನ ಬಿಗಿತ, ಪ್ರಜ್ಞಾಹೀನತೆ ಅದರೊಂದಿಗೆ ಬರಬಹುದು. ಮೊದಲ 24 ಗಂಟೆಗಳಲ್ಲಿ ಮತ್ತೆ ರಕ್ತಸ್ರಾವವಾಗುವ ಭಯ ಅತ್ಯಧಿಕ. ತಲೆಬುರುಡೆ ತೆರೆದು ಕ್ಲಿಪ್ ಹಾಕಿ, ಇಲ್ಲವೇ ರಕ್ತನಾಳದ ಮೂಲಕ ಸಣ್ಣ ತಂತಿಯ ಸುರುಳಿ ತುಂಬಿ ಅದನ್ನು ಮುಚ್ಚಬೇಕು. ಅದರ ನಂತರವೂ ಸುಮಾರು ಎರಡು ವಾರ ರಕ್ತನಾಳಗಳು ಸೆಟೆದುಕೊಂಡು ಮೆದುಳಿಗೆ ಹಾನಿಯಾಗುವ ಅಪಾಯವಿರುವುದರಿಂದ ತೀವ್ರ ನಿಗಾ ಅನಿವಾರ್ಯ.

ದಾಂಡೇಲಿ, ಹಳಿಯಾಳ, ಜೋಯ್ಡಾ ಮತ್ತು ಮುಂಡಗೋಡದ ಜನರು ಇಂತಹ ಚಿಕಿತ್ಸೆಗೆ ಹುಬ್ಬಳ್ಳಿ, ಧಾರವಾಡ ಅಥವಾ ಬೆಳಗಾವಿಯನ್ನು ನೆಚ್ಚಿಕೊಂಡವರು. ಜೋಯ್ಡಾದ ಕಾಡಿನ ಹಳ್ಳಿಯಿಂದ ಹೊರಟ ರೋಗಿ ದಾಂಡೇಲಿ, ಹಳಿಯಾಳಗಳನ್ನು ದಾಟಿ ಧಾರವಾಡ ಸೇರುವಷ್ಟರಲ್ಲಿ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮೃತಪಟ್ಟಾಗ ಆ ಕೂಗು ಇಡೀ ರಾಜ್ಯಕ್ಕೆ ಕೇಳಿಸಿತು. ಆ ಬೇಡಿಕೆಯನ್ನು ನಾವು ಕೈಬಿಡಬಾರದು. ಆದರೆ ಆಸ್ಪತ್ರೆಯಿಂದ ಮನೆಗೆ ಮರಳಿದವರ ಹೊಣೆ ಸರಕಾರದ್ದಷ್ಟೇ ಅಲ್ಲ, ನೆರೆಹೊರೆಯದ್ದೂ ಹೌದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಚಂದಾ ಎತ್ತುವ ಮೊದಲು ರೋಗಿಗೆ ಈ ಕಾರ್ಡಿನ ಪ್ರಯೋಜನ ಸಿಗುವುದೇ ಎಂದು ವಿಚಾರಿಸುವುದು ವಿವೇಕ. ಆದರೆ ಯಾವ ಕಾರ್ಡೂ ಕಳೆದುಹೋದ ಕೂಲಿಯನ್ನು ತುಂಬಿಕೊಡುವುದಿಲ್ಲ. ಬಲಗೈ ಸ್ವಾಧೀನ ತಪ್ಪಿದ ಚಾಲಕ, ಮಾತು ತೊದಲುವ ವ್ಯಾಪಾರಿ, ನೆನಪು ಕೈಕೊಡುವ ತಾಯಿ, ಇವರ ಮನೆಯಲ್ಲಿ ಮತ್ತೊಬ್ಬರು ದುಡಿಮೆ ಬಿಟ್ಟು ಶುಶ್ರೂಷೆಗೆ ನಿಲ್ಲಬೇಕು. ತಿಂಗಳುಗಟ್ಟಲೆ ಫಿಸಿಯೋಥೆರಪಿ, ಔಷಧಿ, ಮರುತಪಾಸಣೆಗೆ ಹುಬ್ಬಳ್ಳಿಯ ಓಡಾಟ, ಇವೆಲ್ಲ ಸಾಲವಾಗಿ ಬೆಳೆಯುತ್ತವೆ.

2011ರಲ್ಲಿ ಇದೇ ರೋಗಕ್ಕೆ ತುತ್ತಾದ ಬ್ರಿಟಿಷ್ ನಟಿ ಎಮಿಲಿಯಾ ಕ್ಲಾರ್ಕ್, ಶಸ್ತ್ರಚಿಕಿತ್ಸೆಯ ನಂತರ ಕೆಲಕಾಲ ತನ್ನ ಹೆಸರನ್ನೇ ಹೇಳಲಾರದ ಸ್ಥಿತಿಯಲ್ಲಿದ್ದರು. ಹಣ, ಹೆಸರು ಎರಡೂ ಗಳಿಸಿದ ಅವರು 2019ರಲ್ಲಿ ಈ ಅನುಭವವನ್ನು ಬಹಿರಂಗಪಡಿಸಿ, ಮೆದುಳಿನ ಗಾಯದಿಂದ ಚೇತರಿಸಿಕೊಳ್ಳುವವರಿಗಾಗಿಯೇ ಒಂದು ದತ್ತಿ ಸಂಸ್ಥೆಯನ್ನು ಕಟ್ಟಿದರು. ಸಕಲ ಸೌಕರ್ಯವುಳ್ಳವರಿಗೇ ಚೇತರಿಕೆಯ ದಾರಿ ಅಷ್ಟು ಕಠಿಣವಾಗಿದ್ದರೆ, ದಿನಗೂಲಿಯ ಮನೆಯ ಪಾಡೇನು?

ಇಸ್ಲಾಮ್ ಈ ಪ್ರಶ್ನೆಗೆ ಉತ್ತರವನ್ನು ವ್ಯವಸ್ಥೆಯ ರೂಪದಲ್ಲೇ ನೀಡಿದೆ. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ವಚನ ಹೆಸರಿಸುವ ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವರಂತೆಯೇ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ಚಿಕಿತ್ಸೆಗಾಗಿ ಸಾಲಗಾರನಾದವನಿಗೆ ಝಕಾತ್ ಸಲ್ಲಿಸುವುದು ಅವನ ಮೇಲೆ ನಾವು ಮಾಡುವ ಉಪಕಾರವಲ್ಲ. ಅದು ಅವನ ಹಕ್ಕು. ಹಕ್ಕನ್ನು ಪಡೆಯಲು ಯಾರೂ ತನ್ನ ನರಳಾಟದ ವೀಡಿಯೊವನ್ನು ಊರಿಗೆಲ್ಲ ತೋರಿಸಬೇಕಾಗಿ ಬರಬಾರದು.

ಆದ್ದರಿಂದ ಪ್ರತಿ ಜಮಾಅತ್ ತುರ್ತು ಚಂದಾದ ಜೊತೆಗೆ ಚೇತರಿಕೆಯ ನಿಧಿಯೊಂದನ್ನೂ ಇರಿಸಿಕೊಳ್ಳಲಿ. ಆಸ್ಪತ್ರೆಯಿಂದ ಮರಳಿದ ಮನೆಗೆ ಕನಿಷ್ಠ ಆರು ತಿಂಗಳು ಪಡಿತರ, ಔಷಧಿ, ಮಕ್ಕಳ ಶಾಲಾ ಶುಲ್ಕ ಗೌಪ್ಯವಾಗಿ ತಲುಪಲಿ. ಲೆಕ್ಕಪತ್ರ ಪಾರದರ್ಶಕವಾಗಿರಲಿ, ಫಲಾನುಭವಿಯ ಹೆಸರು ಮರೆಯಲ್ಲಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಚಲನವಲನದ ವೈಕಲ್ಯದೊಂದಿಗೆ ಶಾಶ್ವತ ಮಾತಿನ ವೈಕಲ್ಯವನ್ನೂ ಗುರುತಿಸುತ್ತದೆ. ಪ್ರಮಾಣಪತ್ರಕ್ಕಾಗಿ ಅಲೆಯುವ ಕೆಲಸದಲ್ಲಿ ಓದುಬರಹ ಬಲ್ಲ ಯುವಕರು ಜೊತೆಯಾಗಲಿ. ಹಳಿಯಾಳದ ಸಿದ್ದಿಗಳಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಜೋಯ್ಡಾದಲ್ಲಿ ಕುಣಬಿಗಳು, ಮುಂಡಗೋಡದಲ್ಲಿ ಟಿಬೆಟಿಯನ್ನರು ನಮ್ಮ ನೆರೆಯವರು. ಸದಕಾಕ್ಕೆ ಧರ್ಮದ ಗಡಿಯಿಲ್ಲ. ಈ ನಿಧಿಯ ಸದಕಾ ಪಾಲು ಅವರೆಲ್ಲರ ಬಾಗಿಲಿಗೂ ಹೋಗಲಿ.

ರೋಗಿಯನ್ನು ಸಂದರ್ಶಿಸುವುದು ಪ್ರವಾದಿ ಮುಹಮ್ಮದ್(ಸ) ಕಲಿಸಿದ ಮುಸ್ಲಿಮನ ಹೊಣೆಗಳಲ್ಲಿ ಒಂದು. ಆ ಹೊಣೆ ಐಸಿಯು ಬಾಗಿಲಿಗೆ ಕೊನೆಗೊಳ್ಳುವುದಿಲ್ಲ. ಕೋಲೂರಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಡುತ್ತಿರುವವನ ಮನೆಗೆ ಮೂರನೇ ತಿಂಗಳಲ್ಲೂ ಸಲಾಮ್ ಹೇಳಿ ಹೋಗುವವರು ಬೇಕಾಗಿದ್ದಾರೆ.