ಚಾರ್ಜರ್ ಎಣಿಸಬೇಡಿ, ಚಾರ್ಜ್ ಆದ ಕಾರು ಎಣಿಸಿ

ಇವತ್ತು ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ. ಸಾಮಾನ್ಯವಾಗಿ ಇಲ್ಲಿ ವಿಜ್ಞಾನ ವಿವರಿಸ್ತೀವಿ, ಅಭಿಪ್ರಾಯ ಹೇಳೋದು ಕಡಿಮೆ. ಇವತ್ತಿನದು ಮಾತ್ರ ಪೂರ್ತಿ ಅಭಿಪ್ರಾಯವೇ. ಒಪ್ಪದಿದ್ದರೆ ಬರೆದು ಬಯ್ಯಿರಿ.

ಕಳೆದ ಬೇಸಿಗೆಯಲ್ಲಿ ಅರಸೀಕೆರೆಯಿಂದ ಅಮ್ಮ ಬಂದಿದ್ದರು. ಬೇ ಏರಿಯಾದಿಂದ ಲಾಸ್ ಏಂಜಲೀಸ್‌ಗೆ ನಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಹೊರಟೆವು. ಐ-5 ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತು: ಬಾದಾಮಿ ತೋಟ, ಧೂಳು, ಸುಡು ಬಿಸಿಲು, ಮತ್ತೆ ಬಾದಾಮಿ ತೋಟ. ಬ್ಯಾಟರಿಯಲ್ಲಿ ಶೇ 11 ಉಳಿದಿದ್ದಾಗ ಒಂದು ಚಾರ್ಜಿಂಗ್ ಸ್ಟೇಷನ್ ಸಿಕ್ಕಿತು. ನಾಲ್ಕು ಚಾರ್ಜರ್. ಒಂದರ ಪರದೆ ಕಪ್ಪು. ಇನ್ನೊಂದು ಕಾರ್ಡ್ ಓದಲ್ಲ. ಮೂರನೆಯದಕ್ಕೆ ಕೇಬಲ್ ಚುಚ್ಚಿದರೆ ಅರ್ಧ ನಿಮಿಷ ಯೋಚನೆ ಮಾಡಿ ಕೈಬಿಡ್ತು. ನಾಲ್ಕನೆಯದು ಕೆಲಸ ಮಾಡ್ತಿತ್ತು, ಅದರ ಮುಂದೆ ಮೂರು ಕಾರು ಸಾಲಾಗಿ ನಿಂತಿದ್ದವು. ಫೋನಿನ ಆ್ಯಪ್‌ನಲ್ಲಿ ಮಾತ್ರ ಆ ಕೆಟ್ಟ ಮೂರೂ ‘ಲಭ್ಯ’ ಅಂತ ಹಸಿರಾಗಿ ಹೊಳೀತಿದ್ದವು. ಸಹಾಯವಾಣಿಗೆ ಫೋನ್ ಮಾಡಿದರೆ, ದೂರದಿಂದಲೇ ರೀಸ್ಟಾರ್ಟ್ ಮಾಡ್ತೀವಿ, ಕಾಯ್ತಾ ಇರಿ ಅಂದರು. ಕಾದೆವು. ಒಂದೂವರೆ ಗಂಟೆ.

ಅಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ತಾ ಸುತ್ತ ನೋಡಿ ಕೇಳಿದರು: “ಅಲ್ವೋ, ನಮ್ಮೂರ ಬಂಕಲ್ಲಿ ಒಬ್ಬ ಹುಡುಗನಾದ್ರೂ ಇರ್ತಾನೆ. ಇಲ್ಲಿ ಕೇಳೋಕೆ ಒಂದು ನರಪಿಳ್ಳೆಯೂ ಇಲ್ವಲ್ಲೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಮೈಕ್ ಮುಂದೆ ಕೂತು, ಹೆದ್ದಾರಿಯುದ್ದಕ್ಕೂ ಸಾಕಷ್ಟು ಸ್ಟೇಷನ್ ಹಾಕಿಬಿಟ್ಟರೆ ಉಳಿದದ್ದು ತಾನಾಗೇ ಆಗುತ್ತೆ ಅಂತ ಹೇಳಿದ್ದೆ. ಅದು ತಪ್ಪು. ಇವತ್ತು ಅದನ್ನು ತಿದ್ದಿಕೊಳ್ತೀನಿ.

ನಮಗಾದದ್ದು ಬರೀ ದುರದೃಷ್ಟ ಇರಬಹುದು ಅಂತ ನೀವು ಹೇಳಬಹುದು. 2022ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ರೆಂಪೆಲ್ ಮತ್ತು ಸಂಗಡಿಗರು ಇದನ್ನು ಸರಳವಾಗಿ ಪರೀಕ್ಷೆ ಮಾಡಿದರು. ಬೇ ಏರಿಯಾದ ಒಂಬತ್ತು ಕೌಂಟಿಗಳಲ್ಲಿ ಸಾರ್ವಜನಿಕರಿಗೆ ತೆರೆದಿದ್ದ ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಹೋಗಿ 657 ಕನೆಕ್ಟರ್ ನೋಡಿದರು. ಎರಡು ನಿಮಿಷ ಕಾರು ಚಾರ್ಜ್ ಆದರೆ, ಅಥವಾ ಆಗಲೇ ಬೇರೆಯವರ ಕಾರು ಚಾರ್ಜ್ ಆಗ್ತಿದ್ದರೆ, ಪಾಸ್. ಪಾಸ್ ಆದದ್ದು ಶೇ 72.5. ಇದೇ ಸ್ಟೇಷನ್‌ಗಳನ್ನು ನಡೆಸುವವರು ಹೇಳಿಕೊಳ್ತಿದ್ದದ್ದು ಶೇ 95ರಿಂದ 98! ಸುಮಾರು ಎಂಟು ದಿನ ಬಿಟ್ಟು ಕೆಲವನ್ನು ಮತ್ತೆ ಹೋಗಿ ನೋಡಿದರೂ ಪರಿಸ್ಥಿತಿ ಒಟ್ಟಾರೆ ಹಾಗೇ ಇತ್ತು.

ಏನು ಕೆಟ್ಟಿತ್ತು ಅನ್ನೋದೇ ನನಗೆ ಕುತೂಹಲ. ಫಾಸ್ಟ್ ಚಾರ್ಜರ್ ಅಂದರೆ ಗ್ರಿಡ್‌ನ ಎಸಿ ವಿದ್ಯುತ್ತನ್ನು ಡಿಸಿ ಮಾಡಿ, ನೂರಾರು ವೋಲ್ಟ್‌ನಲ್ಲಿ, ನೂರಾರು ಆಂಪಿಯರ್ ಕಳಿಸುವ ಯಂತ್ರ. ಕಷ್ಟದ ಕೆಲಸ ಅದೇ ಅಂತ ಇಂಜಿನಿಯರ್‌ಗಳಾದ ನಾವು ಅಂದುಕೊಳ್ತೀವಿ. ಆದರೆ ಅವರು ಕಂಡ ದೋಷಗಳಲ್ಲಿ ಪರದೆ, ಕಾರ್ಡ್ ಓದುವ ಸಾಧನ, ನೆಟ್‌ವರ್ಕ್, ಮುರಿದ ಕನೆಕ್ಟರ್ ಇಂಥವೇ ಇದ್ದವು. ಜೊತೆಗೆ ಚಾರ್ಜ್ ಶುರುವಾಗದೇ ನಿಲ್ಲೋದು. ಕೇಬಲ್ ಚುಚ್ಚಿದ ತಕ್ಷಣ ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳಬೇಕು: ನಿನ್ನ ವೋಲ್ಟೇಜ್ ಎಷ್ಟು, ನಾನು ಎಷ್ಟು ಕೊಡಬಹುದು, ಕೇಬಲ್‌ನಲ್ಲಿ ಸೋರಿಕೆ ಇದೆಯಾ, ಹಣ ಯಾರು ಕೊಡ್ತಾರೆ. ಕಾರು ಒಬ್ಬರದು, ಚಾರ್ಜರ್ ಇನ್ನೊಬ್ಬರದು, ತಂತ್ರಾಂಶ ಮತ್ತೊಬ್ಬರದು. ಮಾತು ಎಲ್ಲಿ ತಪ್ಪಿತು ಅಂತ ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರ ಕಡೆ ಬೆರಳು ತೋರಿಸ್ತಾರೆ.

ಇದಕ್ಕೆ ಕಾನೂನಿಲ್ಲವೇ? ಇದೆ. 2021ರ ಮೂಲಸೌಕರ್ಯ ಕಾಯ್ದೆಯಡಿ ಅಮೆರಿಕ ಹೆದ್ದಾರಿ ಚಾರ್ಜರ್‌ಗಳಿಗೆ 5 ಬಿಲಿಯನ್ ಡಾಲರ್ ಎತ್ತಿಟ್ಟಿತು. 2023ರಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ಚಾರ್ಜರ್ ವರ್ಷದಲ್ಲಿ ಶೇ 97ಕ್ಕಿಂತ ಹೆಚ್ಚು ಸಮಯ ಸರಿಯಾಗಿರಬೇಕು. ಅಂದರೆ ವರ್ಷಕ್ಕೆ ಸುಮಾರು 11 ದಿನ ಕೆಟ್ಟಿರಬಹುದು, ಅದೇನೂ ಅನ್ಯಾಯವಲ್ಲ. ಬ್ರಿಟನ್ ಇನ್ನೂ ಬಿಗಿ, ಅಲ್ಲಿ ವೇಗದ ಚಾರ್ಜರ್ ಜಾಲಕ್ಕೆ ಶೇ 99. ನನ್ನ ತಕರಾರು ಅಳೆಯುವ ವಿಧಾನದ ಬಗ್ಗೆ. ‘ನಾನು ಚೆನ್ನಾಗಿದ್ದೀನಿ’ ಅಂತ ಯಂತ್ರವೇ ಸರ್ವರ್‌ಗೆ ವರದಿ ಕಳಿಸುತ್ತೆ, ಕಾರಿನ ದೋಷದಿಂದ ಚಾರ್ಜ್ ಆಗದಿದ್ದರೆ ಅದು ಲೆಕ್ಕಕ್ಕೇ ಬರಲ್ಲ. ಆವತ್ತು ಐ-5ರಲ್ಲಿ ಹಸಿರಾಗಿ ಹೊಳೀತಿದ್ದವಲ್ಲ ಆ ಮೂರು, ಅವು ಯಾವ ಖಾತೆಗೆ ಹೋದವೋ!

ಸ್ಟೇಷನ್ ಸಂಖ್ಯೆಯ ಹಿಂದೆ ಓಡಿದರೆ ಏನಾಗುತ್ತೆ ಅಂತ ನೋಡೋಕೆ ಹೈಡ್ರೋಜನ್ ಕಥೆ ಸಾಕು. 2004ರಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ‘ಹೈಡ್ರೋಜನ್ ಹೆದ್ದಾರಿ’ ಘೋಷಿಸಿದರು. 2013ರ ಕಾನೂನು 100 ಸ್ಟೇಷನ್ ಆಗೋವರೆಗೆ ವರ್ಷಕ್ಕೆ 20 ಮಿಲಿಯನ್ ಡಾಲರ್‌ವರೆಗೆ ಕೊಡಿ ಅಂತು. ಗುರಿ ನೋಡಿ: 100 ಸ್ಟೇಷನ್. ಹೈಡ್ರೋಜನ್ ಬಂಕ್ ನಡೆಸೋದು ಸುಲಭವಲ್ಲ. ಅನಿಲವನ್ನು ವಾತಾವರಣದ 700 ಪಟ್ಟು ಒತ್ತಡಕ್ಕೆ ಅದುಮಬೇಕು, ತುಂಬುವಾಗ ಟ್ಯಾಂಕ್ ಕಾಯದಿರಲಿ ಅಂತ ಸುಮಾರು ಮೈನಸ್ 40 ಡಿಗ್ರಿಗೆ ತಣಿಸಬೇಕು. ಗಾಳಿಯಲ್ಲಿ ತೇವ ಇದ್ದ ದಿನ ನಳಿಕೆ ಹೆಪ್ಪುಗಟ್ಟಿ ಕಾರಿಗೇ ಅಂಟಿಕೊಳ್ಳೋದೂ ಉಂಟು. 2019ರ ಜೂನ್‌ನಲ್ಲಿ ಸಾಂತಾ ಕ್ಲಾರಾದ ಒಂದು ಹೈಡ್ರೋಜನ್ ಘಟಕದಲ್ಲಿ ಸ್ಫೋಟವಾಗಿ ಬೇ ಏರಿಯಾದ ಬಂಕ್‌ಗಳಿಗೆ ಪೂರೈಕೆಯೇ ನಿಂತುಹೋಯ್ತು. 2023ರ ಹೊತ್ತಿಗೆ ಕೆಲವು ಕಡೆ ಕಿಲೋಗೆ 36 ಡಾಲರ್. ಟೊಯೋಟಾ ಮಿರಾಯ್ ಕಾರಿನ ಟ್ಯಾಂಕ್ ಹಿಡಿಯೋದು 5.6 ಕಿಲೋ, ನೀವೇ ಗುಣಿಸಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಇಲ್ಲಿನ ತನ್ನ ಕಾರು ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿತು. ಆ ಕಾರು ಕೊಂಡವರು ಪರಿಸರದ ಕಾಳಜಿ ಇದ್ದವರು, ಸರ್ಕಾರದ ಮಾತು ನಂಬಿದವರು. ಅವರಿಗೆ ಇನ್ನೊಂದು ಸಲ ಹೊಸದೇನನ್ನಾದರೂ ಕೊಳ್ಳಿ ಅಂತ ಹೇಳೋಕೆ ಯಾರಿಗೆ ಮುಖ ಇದೆ? ದೊಡ್ಡ ಲಾರಿಗಳಿಗೆ ಹೈಡ್ರೋಜನ್ ಬೇಕೇ ಅನ್ನೋ ಚರ್ಚೆ ಇನ್ನೂ ಇದೆ, ಅದು ಬೇರೆ ಸಂಚಿಕೆ.

ಚಾರ್ಜರ್‌ಗಳ ವಿಷಯ ಇಷ್ಟು ಹತಾಶೆಯದಲ್ಲ, ವಿದ್ಯುತ್ ತಂತಿ ಆಗಲೇ ಎಲ್ಲ ಕಡೆ ಇದೆ. ನಂಬಿಕೊಂಡು ಹೋಗಬಹುದಾದ ಜಾಲ ಕಟ್ಟೋಕೆ ಆಗುತ್ತೆ ಅಂತ ಟೆಸ್ಲಾ 2012ರಿಂದ ತೋರಿಸಿದೆ. ಅದರ ಮಾಲೀಕರ ಬಗ್ಗೆ ನಿಮಗೆ ಏನೇ ಅನ್ನಿಸಲಿ, ಸೂಪರ್‌ಚಾರ್ಜರ್ ಕೆಟ್ಟರೆ ಕಾರು ಮಾರಾಟವಾಗಲ್ಲ ಅನ್ನೋ ಭಯ ಆ ಕಂಪನಿಗೆ ಇತ್ತು. ಸಹಾಯಧನ ಪಡೆದು ಚಾರ್ಜರ್ ನಿಲ್ಲಿಸಿ ಹೋದವರಿಗೆ ಆ ಭಯ ಎಲ್ಲಿಂದ ಬರಬೇಕು?

ಹಾಗಾಗಿ ನನ್ನ ಸಲಹೆ ಇಷ್ಟು. ಸಾರ್ವಜನಿಕ ಹಣದಲ್ಲಿ ಅರ್ಧ ಮಾತ್ರ ಕಟ್ಟುವಾಗ ಕೊಡಿ. ಉಳಿದರ್ಧ ಐದು ವರ್ಷದಲ್ಲಿ ಕಂತಾಗಿ, ಮೊದಲ ಪ್ರಯತ್ನದಲ್ಲೇ ಚಾರ್ಜ್ ಆದ ಕಾರುಗಳ ಲೆಕ್ಕ ನೋಡಿ ಕೊಡಿ. ಲೆಕ್ಕ ತೆಗೆಯೋರು ಹೊರಗಿನವರಾಗಿರಲಿ, ಕಾರು ತೆಗೆದುಕೊಂಡು ಹೋಗಿ ಕೇಬಲ್ ಚುಚ್ಚಿ ನೋಡಲಿ. ಇದರಿಂದ ಸ್ಟೇಷನ್‌ಗಳ ಸಂಖ್ಯೆ ನಿಧಾನವಾಗಿ ಏರುತ್ತೆ, ಉದ್ಘಾಟನೆಯ ಫೋಟೋ ಕಡಿಮೆಯಾಗುತ್ತೆ. ಆಗಲಿ ಬಿಡಿ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಊರಿಗೊಂದು ಶುದ್ಧ ನೀರಿನ ಘಟಕ ಬಂತು, ರಿಬ್ಬನ್ ಕತ್ತರಿಸಿದರು. ಎರಡು ವರ್ಷಕ್ಕೆ ಮೋಟರ್ ಕೆಟ್ಟು, ಜನ ಮತ್ತೆ ಹಳೆಯ ಬೋರ್‌ವೆಲ್ ಮುಂದೆ ಬಿಂದಿಗೆ ಇಟ್ಟಿದ್ದನ್ನು ನಾನೇ ನೋಡಿದ್ದೀನಿ. ಕಡತದಲ್ಲಿ ಆ ಊರಿಗೆ ಇನ್ನೂ ಶುದ್ಧ ನೀರು ಇರಬೇಕು.

ಈಗ ಭಾರತದಲ್ಲೂ ಹಣ ಹರೀತಾ ಇದೆ. 2024ರ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜಿಂಗ್‌ಗೆ. ಕ್ಯಾಲಿಫೋರ್ನಿಯಾಗೆ ಇಲ್ಲದ ಒಂದು ಅನುಕೂಲ ಕರ್ನಾಟಕಕ್ಕಿದೆ, ಅಮ್ಮ ಹೇಳಿದ ಬಂಕಿನ ಹುಡುಗ. ಚಾರ್ಜರ್ ಅನ್ನು ಅವನ ಕಣ್ಣಿಗೆ ಬೀಳುವ ಕಡೆ ಇಡಿ, ರೀಸ್ಟಾರ್ಟ್ ಮಾಡೋದು, ಕೇಬಲ್ ನೋಡೋದು ಕಲಿಸಿ, ಅದಕ್ಕೆ ಸಂಬಳ ಸೇರಿಸಿ ಕೊಡಿ. ಅವನನ್ನು ತೆಗೆದು ಆ ಜಾಗದಲ್ಲಿ ಆ್ಯಪ್ ಇಟ್ಟರೆ ನಮ್ಮ ಐ-5ರ ಕಥೆಯೇ ಅಲ್ಲೂ ಆಗುತ್ತೆ.

ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಎಲೆಕ್ಟ್ರಿಕ್ ಕಾರಿನಲ್ಲಿ ಹೋಗಿಬರುವ ಕೇಳುಗರಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಹೋದಾಗ ಎಷ್ಟು ಚಾರ್ಜರ್‌ಗೆ ಕೇಬಲ್ ಚುಚ್ಚಿದಿರಿ, ಎಷ್ಟು ಮೊದಲ ಸಲಕ್ಕೇ ಶುರುವಾದವು, ಪಕ್ಕದಲ್ಲಿ ಮನುಷ್ಯರು ಯಾರಾದರೂ ಇದ್ದರಾ ಅಂತ ಬರೆದು ಕಳಿಸಿ. ಬಂದದ್ದನ್ನೆಲ್ಲ ಸೇರಿಸಿ ಇಲ್ಲೇ ಓದ್ತೀನಿ.