ಜನತೆಯ ಪುರಾಣ, ಕಂಪನಿಯ ಆಟ

ಗಿರಣಿಯ ಪಾಳಿ ಮುಗಿಸಿ ಬಂದವನಿಗೂ ಅಂಗಡಿಯ ಬಾಗಿಲು ಹಾಕಿ ಬಂದವನಿಗೂ ಆಟದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಕೂಲಿ, ಬೋನಸ್ಸು, ತೆರಿಗೆ, ಬೆಲೆಯೇರಿಕೆ ಇವುಗಳ ನಡುವೆ ಮಕ್ಕಳಾಟವನ್ನು ಕುರಿತು ಒಂದು ಲೇಖನವೇ? ಹೌದು. ಏಕೆಂದರೆ ಈ ಆಟಗಳು ಇಂದು ದೊಡ್ಡ ಬಂಡವಾಳದ ಸರಕು; ಆ ಸರಕನ್ನು ತಯಾರಿಸಲು ಬಳಸಿರುವ ಕಚ್ಚಾ ಸಾಮಗ್ರಿಯಲ್ಲಿ ನಮ್ಮ ಅಜ್ಜಿಯರು ಹೇಳಿದ ಕಥೆಯೂ ಸೇರಿದೆ. ಕಚ್ಚಾ ಹತ್ತಿ ಯಾರ ಹೊಲದ್ದು, ಅವರಿಗೆ ಸಂದದ್ದೇನು ಎಂದು ಕೇಳುವುದು ನಮಗೆ ಹೊಸದಲ್ಲ. ಕಥೆಯ ಬಗೆಗೂ ಅದೇ ಪ್ರಶ್ನೆ ಕೇಳಬೇಕಾಗಿದೆ.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ವೀರ, ಕಳ್ಳ, ಮಾಂತ್ರಿಕ ಎಂದು ಒಂದೊಂದು ಪಾತ್ರ ವಹಿಸಿ ಮಾತನಾಡುತ್ತಾರೆ. ಗೆಲುವು ಸೋಲನ್ನು ದಾಳ ನಿರ್ಣಯಿಸುತ್ತದೆ. ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವಲ್ಲ. ವೇಷವಿಲ್ಲದೆ ಕುಳಿತಲ್ಲೇ ಪಾತ್ರವಾಗುವುದು ನಮಗೆ ಹಳೆಯ ವಿದ್ಯೆ. ಲೇಕ್ ಜಿನೀವಾದ ಆಟದ ಒಡೆತನ ಇಂದು ಹ್ಯಾಸ್‌ಬ್ರೋ ಎಂಬ ಭಾರೀ ಆಟಿಕೆ ಕಂಪನಿಯದು. ಅದರ ಜಾಡಿನಲ್ಲಿ ಹುಟ್ಟಿದ ನೂರಾರು ಆಟಗಳನ್ನು ನಮ್ಮ ಮಕ್ಕಳು ಇಂದು ಫೋನಿನಲ್ಲಿ ಆಡುತ್ತಿದ್ದಾರೆ. ಆಡಲಿ. ಆಟ ಪಾಪವಲ್ಲ.

ಆದರೆ ಈ ಆಟದಲ್ಲಿ ನಮ್ಮ ರಾಕ್ಷಸನಿಗೆ ಏನಾಯಿತೆಂಬುದನ್ನು ನೋಡಿರಿ. 1974ರ ಡಿಸೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಕೋಲ್ಚಾಕ್’ ಎಂಬ ಭಯಾನಕ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಭಾರತದಿಂದ ಬಂದ ರಾಕ್ಷಸನೊಬ್ಬ ಜನರ ನಂಬಿಕೆಯ ಬಂಧುವಿನ ರೂಪ ತಾಳಿ ಅವರನ್ನೇ ತಿನ್ನುತ್ತಾನೆ. ಮಂತ್ರಿಸಿದ ಬಾಣವೊಂದೇ ಅವನಿಗೆ ಮೃತ್ಯು. ಒಂದು ವರ್ಷದೊಳಗೆ ಅದೇ ರಾಕ್ಷಸ, ಅದೇ ಬಾಣದೊಂದಿಗೆ, ಆಟದೊಳಕ್ಕೆ ಬಂದ. 1977ರ ಪುಸ್ತಕದ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಸಾಹೇಬರ ನಿಲುವಂಗಿ, ಕೈಯಲ್ಲಿ ಹೊಗೆಸೊಪ್ಪಿನ ಪೈಪು! ವಾಲ್ಮೀಕಿಯ ಹೊಸಿಲನ್ನು ತುಳಿಯದೆ, ಟೆಲಿವಿಷನ್ನಿನಿಂದ ನೇರವಾಗಿ ನಡೆದುಬಂದ ರಾಕ್ಷಸ ಇವನು.

ಹುಲಿಯ ತಲೆಗೆ ನಾವು ನಕ್ಕು ಸುಮ್ಮನಾಗಬಹುದು. ನಗಲಾಗದ ಸಂಗತಿ ಬೇರೆ. ಆ ಆಟದ ಪುಸ್ತಕಗಳಲ್ಲಿ ಪ್ರತಿಯೊಂದು ಕುಲಕ್ಕೂ ಗುಣದ ಮುದ್ರೆ ಒತ್ತಿರುತ್ತದೆ. ರಾಕ್ಷಸ ಕುಲಕ್ಕೆ ಬಿದ್ದ ಮುದ್ರೆ ‘ದುಷ್ಟ’. 2014ರ ಆವೃತ್ತಿಯಲ್ಲಿಯೂ ಅದು ಅಳಿಸಿರಲಿಲ್ಲ. ಹುಟ್ಟಿನಿಂದಲೇ ದುಷ್ಟ, ಆದುದರಿಂದ ಕೊಂದರೆ ದೋಷವಿಲ್ಲ! ಹಾಗಾದರೆ ವಿಭೀಷಣನೆಲ್ಲಿ? ಭೀಮನ ಕೈಹಿಡಿದ ಹಿಡಿಂಬಿಯೆಲ್ಲಿ? ಪಾಂಡವರಿಗಾಗಿ ಪ್ರಾಣ ತೆತ್ತ ಘಟೋತ್ಕಚನೆಲ್ಲಿ? ಅಸುರ ಕುಲದ ಪ್ರಹ್ಲಾದನೆಲ್ಲಿ? ದೀಪಾವಳಿಯ ಪಾಡ್ಯದಂದು ನಮ್ಮ ರೈತ ಹೊಲದಲ್ಲಿ ದೀಪವಿಟ್ಟು ಕೂಗಿ ಕರೆಯುವ ಬಲೀಂದ್ರನೆಲ್ಲಿ? ಹುಟ್ಟಿನಿಂದ ಗುಣವನ್ನು ನಿಶ್ಚಯಿಸುವ ಶಾಸ್ತ್ರದ ರುಚಿಯನ್ನು ಈ ನಾಡಿನ ದುಡಿಯುವ ಜನ ಬೇಕಾದಷ್ಟು ಉಂಡಿದ್ದಾರೆ. ಅದು ಆಟದ ವೇಷ ತೊಟ್ಟು ಮಕ್ಕಳ ಕೈಗೆ ಬಂದಾಗ ಗುರುತಿಸದೆ ಇರಲಾಗದು.

ಎರಡನೆಯ ಸಂಗತಿ ಆಸ್ತಿಗೆ ಸಂಬಂಧಿಸಿದುದು. 1980ರಲ್ಲಿ ಅದೇ ಪ್ರಕಾಶಕರು ದೇವತೆಗಳ ಪುಸ್ತಕವೊಂದನ್ನು ಹೊರತಂದರು. ಇಂದ್ರ, ಅಗ್ನಿ, ವರುಣ, ಯಮ, ಕಾಳಿ, ವಿಷ್ಣು ಎಲ್ಲರೂ ಅದರಲ್ಲಿದ್ದರು. ಎಷ್ಟು ಏಟು ತಾಳಿಕೊಳ್ಳಬಲ್ಲರು ಎಂಬ ಅಂಕಿ ಒಬ್ಬೊಬ್ಬರ ಹೆಸರಿನ ಮುಂದೆಯೂ ಇತ್ತು. ಗ್ರೀಕರ, ಚೀನೀಯರ, ಅಮೆರಿಕದ ಮೂಲನಿವಾಸಿಗಳ ದೇವರುಗಳಿಗೂ ಇದೇ ತಕ್ಕಡಿ. ಇವುಗಳ ಜೊತೆಗೆ ಇಬ್ಬರು ಆಧುನಿಕ ಲೇಖಕರು ಕಲ್ಪಿಸಿದ ದೇವತಾಲೋಕಗಳೂ ಇದ್ದವು: ಲವ್‌ಕ್ರಾಫ್ಟ್ ಆರಂಭಿಸಿದ ಕ್ತುಲ್ಹು ಲೋಕ, ಮೂರ್‌ಕಾಕ್ ಬರೆದ ಎಲ್ರಿಕ್ ಲೋಕ. ಇವೆರಡರ ಆಟದ ಹಕ್ಕು ಕೇಯಾಸಿಯಂ ಎಂಬ ಬೇರೊಂದು ಕಂಪನಿಯದಾಗಿತ್ತು. ಮುಂದೇನಾಯಿತು? ಮರುಮುದ್ರಣದಲ್ಲಿ ಆ ಕಂಪನಿಗೆ ಕೃತಜ್ಞತೆ ಅಚ್ಚಾಯಿತು. ಅನಂತರದ ಮುದ್ರಣಗಳಲ್ಲಿ ಆ ಎರಡು ಅಧ್ಯಾಯಗಳನ್ನೇ ಕಿತ್ತುಹಾಕಿದರು. ಇಂದ್ರ, ಅಗ್ನಿಯರ ಅಧ್ಯಾಯ ಮಾತ್ರ ಇದ್ದಲ್ಲಿಯೇ ಉಳಿಯಿತು. ಅವರಿಗೆ ಕಂಪನಿಯಿಲ್ಲ, ವಕೀಲನಿಲ್ಲ!

ಒಬ್ಬನ ಹೆಸರಿನಲ್ಲಿ ದಾಖಲಾದ ಕಲ್ಪನೆಗೆ ಮರ್ಯಾದೆಯುಂಟು. ಕೋಟಿ ಜನ ಸಾವಿರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ ಕಲ್ಪನೆ ಬೀದಿಯಲ್ಲಿ ಬಿದ್ದ ಮಾಲು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಬಂಡವಾಳಶಾಹಿಯ ನ್ಯಾಯ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿ ಕಾಣಸಿಗುತ್ತದೆ?

ಇದಕ್ಕೆ ಪರಿಹಾರವೇನೆಂದರೆ ಎರಡು ಕೂಗುಗಳು ಕೇಳಿಬರುತ್ತವೆ. ‘ಇದು ಬರೀ ಆಟ, ಸುಮ್ಮನಿರಿ’ ಎಂಬುದು ಮಾರುವವರ ಕೂಗು. ‘ಧರ್ಮಕ್ಕೆ ಅಪಮಾನ, ನಿಷೇಧಿಸಿ’ ಎಂಬುದು ಇನ್ನೊಂದು. 2012ರಲ್ಲಿ ‘ಸ್ಮೈಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಕಾಳಿಯನ್ನು ಅಸಭ್ಯವಾಗಿ ತೋರಿಸಲಾಗಿದೆಯೆಂದು ಅಮೆರಿಕದ ಕೆಲವು ಹಿಂದೂ ಮುಖಂಡರು ಪ್ರತಿಭಟಿಸಿದರು. ತಾಯಿಯೆಂದು ಪೂಜಿಸುವವಳನ್ನು ಅಂಗಡಿಯ ಗೊಂಬೆಯಂತೆ ನಿಲ್ಲಿಸಿದರೆ ಭಕ್ತರಿಗೆ ನೋವಾಗುವುದು ಸಹಜ. ಆ ನೋವನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ನಿಷೇಧದ ಕೋಲನ್ನು ಒಮ್ಮೆ ಕೈಗೆ ಕೊಟ್ಟರೆ ಅದು ಮೊದಲು ಬೀಳುವುದು ಕಂಪನಿಯ ಬೆನ್ನಿಗಲ್ಲ, ಬಡ ಕಲಾವಿದನ ಬೆನ್ನಿಗೆ. ವಾಲಿವಧೆಯ ಪ್ರಸಂಗದಲ್ಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿಯ ಅರ್ಥಧಾರಿ ನಿಲ್ಲಿಸಿ ಪ್ರಶ್ನಿಸುತ್ತಾನೆ. ಭಕ್ತರೇ ಕುಳಿತು ತಲೆದೂಗುತ್ತಾರೆ. ಗೌರವವೆಂದರೆ ಬಾಯಿ ಮುಚ್ಚಿಸುವುದಲ್ಲ, ಕಥೆಯನ್ನು ಬಲ್ಲವನಾಗಿ ಎದುರಾಳಿಗೂ ಪೂರ್ಣ ಮಾತು ಕೊಡುವುದು. ಡಾ. ಲೋಹಿಯಾ ಅವರು 1950ರ ದಶಕದಲ್ಲಿ ರಾಮ, ಕೃಷ್ಣ, ಶಿವರನ್ನು ಕುರಿತು ಬರೆದಾಗಲೂ ಪುರಾಣವನ್ನು ಪುರೋಹಿತನಿಗೆ ಬಿಟ್ಟುಕೊಡಲಿಲ್ಲ. ಅದನ್ನು ಈ ದೇಶದ ಜನ ಕಂಡ ಕನಸೆಂದು ಓದಿದರು.

ಮೂರನೆಯ ದಾರಿಯುಂಟೇ? ಉಂಟು. ಅಲಾಸ್ಕದ ಹಿಮನಾಡಿನ ಇನುಪಿಯಾಕ್ ಜನರ ಕಥೆಯೊಂದರಿಂದ 2014ರಲ್ಲಿ ‘ನೆವರ್ ಅಲೋನ್’ ಎಂಬ ಕಂಪ್ಯೂಟರ್ ಆಟ ಹುಟ್ಟಿತು. ಅಲ್ಲಿನ ಮೂಲನಿವಾಸಿಗಳ ಸಂಸ್ಥೆಯಾದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಅದಕ್ಕೆ ಪಾಲುದಾರ. ಆ ಕಥೆಯನ್ನು ಹೇಳುತ್ತಿದ್ದ ರಾಬರ್ಟ್ ನಾಸ್ರುಕ್ ಕ್ಲೀವ್‌ಲೆಂಡ್ ಅವರ ಮಗಳಿಂದ ಒಪ್ಪಿಗೆ ಪಡೆದರು. ಹಿರಿಯರನ್ನು ಕೂರಿಸಿಕೊಂಡು ಕೆಲಸ ಮಾಡಿದರು. ಆಟದಲ್ಲಿ ಕಥೆ ಹೇಳುವ ದನಿ ಆ ಜನರದೇ ನುಡಿಯಲ್ಲಿದೆ. 2021ರಲ್ಲಿ ಚೆರೋಕಿ ಜನಾಂಗದ ಕಾನರ್ ಅಲೆಕ್ಸಾಂಡರ್ ಅವರು ‘ಕಯೋಟಿ ಅಂಡ್ ಕ್ರೋ’ ಎಂಬ ಪಾತ್ರದಾಟಕ್ಕೆ ಸಾರ್ವಜನಿಕರಿಂದ ಚಂದಾ ಕೇಳಿದಾಗ 10 ಲಕ್ಷ ಡಾಲರಿಗೂ ಮೀರಿ ಹಣ ಬಂತು. ಬಿಳಿಯರು ಬಂದು ಆಕ್ರಮಿಸದ ಅಮೆರಿಕವೊಂದನ್ನು ಮೂಲನಿವಾಸಿಗಳೇ ಅದರಲ್ಲಿ ಕಲ್ಪಿಸಿದ್ದಾರೆ. ಕೇಳಿ ಮಾಡಿದರೆ ಆಟ ಸಪ್ಪೆಯಾಗುತ್ತದೆಂಬ ವಾದ ಇಲ್ಲಿಗೆ ಮುಗಿಯಿತು.

ಕೊನೆಯದಾಗಿ ನಮ್ಮ ಮನೆಯ ಮಾತು. ನಾಳೆ ನಮ್ಮ ಹುಡುಗರೇ ಪಂಜುರ್ಲಿಯನ್ನೋ ಕೋಟಿ ಚೆನ್ನಯರನ್ನೋ ಆಟಕ್ಕೆ ತರಬಹುದು. ಆಗ ಯಾರನ್ನು ಕೇಳಬೇಕು? ತುಳುನಾಡಿನಲ್ಲಿ ದೈವವನ್ನು ಮೈಮೇಲೆ ಹೊತ್ತು ಆಡಿಸುವವರು ನಲಿಕೆ, ಪರವ, ಪಂಬದ ಮುಂತಾದ ಪರಿಶಿಷ್ಟ ಜಾತಿಗಳ ಬಡವರು. 2022ರಲ್ಲಿ ‘ಕಾಂತಾರ’ ಚಿತ್ರ ನೂರಾರು ಕೋಟಿ ಗಳಿಸಿತು. ಆ ವರ್ಷವೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ಘೋಷಿಸಿದ ಮಾಸಾಶನ 2000 ರೂಪಾಯಿ. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಹಾಗೆಯೇ ಜಾರ್ಖಂಡದ ಅಸುರ ಬುಡಕಟ್ಟಿನವರು ಮಹಿಷಾಸುರನನ್ನು ತಮ್ಮ ಪೂರ್ವಜನೆಂದು ನೆನೆದು ದುಃಖಿಸುತ್ತಾರೆ. ಮಹಿಷನನ್ನು ಕೊಲ್ಲುವ ಆಟ ಮಾಡುವ ಮುನ್ನ ಅವರ ಬಾಗಿಲನ್ನೂ ತಟ್ಟಬೇಡವೇ? ವಿದೇಶೀ ಕಂಪನಿಗೆ ಒಂದು ನ್ಯಾಯ, ನಮಗೆ ಇನ್ನೊಂದು ನ್ಯಾಯ ಇರಲಾಗದು.

ಆದುದರಿಂದ ನಮ್ಮ ಬೇಡಿಕೆ ಸರಳ. ಕಥೆಯನ್ನು ಇಂದಿಗೂ ಬಾಳುತ್ತಿರುವ ಜನರನ್ನು ಮೊದಲು ಕೇಳಿರಿ. ಅವರ ಹೆಸರನ್ನು ಅಚ್ಚು ಹಾಕಿರಿ. ಅವರು ಬೇಡವೆಂದುದನ್ನು ಬಿಡಿರಿ. ಗಳಿಕೆಯಲ್ಲಿ ಪಾಲು ಕೊಡಿರಿ. ಯಾವ ಕುಲದ ಹಣೆಗೂ ದುಷ್ಟನೆಂಬ ಮುದ್ರೆ ಒತ್ತಬೇಡಿರಿ. ಇಷ್ಟಾದ ಮೇಲೆ ದಾಳ ಉರುಳಲಿ, ಮಕ್ಕಳು ಆಡಲಿ. ಫೋನು ಹಿಡಿದು ಕುಳಿತ ಮಗನನ್ನು ಇಂದು ಸಂಜೆ ಗದರಿಸುವ ಬದಲು ಪಕ್ಕದಲ್ಲಿ ಕುಳಿತು, ಆ ರಾಕ್ಷಸನ ಹೆಸರೇನೆಂದು ಕೇಳಿರಿ. ಅವನ ಕಥೆ ಗೊತ್ತಿದ್ದರೆ ಹೇಳಿರಿ.